ಒಳಗೆರೆಯ ಕಚ್ಚು

ವಿಮಾನ ಏನು ಮಾಡಬಲ್ಲದು ಎಂಬುದನ್ನು ನಕ್ಷೆ ಹೇಳುತ್ತದೆ. ಅದನ್ನು ಹಾರಿಸುವವನ ಮೈ ಎಲ್ಲಿಯವರೆಗೆ ಹೋಗಲು ಒಪ್ಪುತ್ತದೆ ಎಂಬುದನ್ನೂ ಅದೇ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುವಂತಿದ್ದರೆ? ಕರಿಬಯಲು ಪರೀಕ್ಷಾ ನೆಲೆಯಲ್ಲಿ ಡಾ. ಅನಸೂಯಾ ಉಡುಪ ಅಂಥದ್ದೊಂದು ಗೆರೆ ಎಳೆದ ವರ್ಷವೇ ಗ್ರೂಪ್ ಕ್ಯಾಪ್ಟನ್ ನಾಗಭೂಷಣ ತನ್ನ ಬಲಗೈಯನ್ನು ನಂಬುವುದನ್ನು ಬಿಟ್ಟ.

ಸಾಧನ ನೋಡಲಿಕ್ಕೆ ಏನೂ ಅಲ್ಲ. ಬೂದುಬಣ್ಣದ ಒಂದು ಒಳಂಗಿ. ತೋಳು ಮಣಿಕಟ್ಟಿನವರೆಗೆ ಬರುತ್ತದೆ, ಕೊರಳಪಟ್ಟಿ ಕತ್ತಿನ ಸುತ್ತ ಬಿಗಿಯಾಗಿ ಕೂರುತ್ತದೆ. ನೇಯ್ಗೆಯೊಳಗೆ ಕೂದಲಿಗಿಂತ ಸಣ್ಣ ತಂತಿಗಳಿವೆ. ಕೈ ಚಲಿಸುವ ಮುನ್ನ ನರದಲ್ಲಿ ಅಪ್ಪಣೆ ಹೊರಡುತ್ತದಲ್ಲ, ಕೆಲವು ಸಲ ಹೊರಟ ಅಪ್ಪಣೆಯನ್ನು ಮೈಯೇ ದಾರಿಯಲ್ಲಿ ಹಿಡಿದು ನಿಲ್ಲಿಸಿಬಿಡುತ್ತದೆ. ನಿಲ್ಲಿಸಿದ್ದು ಆ ಮನುಷ್ಯನಿಗೇ ಎಷ್ಟೋ ಸಲ ತಿಳಿಯುವುದಿಲ್ಲ. ಒಳಂಗಿಗೆ ತಿಳಿಯುತ್ತದೆ. ಹಾಗೆ ನಿಂತುಹೋದ ಜಾಗಗಳನ್ನೆಲ್ಲ ಸೇರಿಸಿ ಉಡುಪ ಒಂದು ಗೆರೆ ಎಳೆಯುತ್ತಿದ್ದಳು. ವಿಮಾನದ ಶಕ್ತಿಯ ಎಲ್ಲೆ ಹೊರಗೆರೆ. ಪೈಲಟ್‌ನ ಮೈ ಒಪ್ಪಿದ ಎಲ್ಲೆ ಒಳಗೆರೆ. ನೆಲೆಯಲ್ಲಿ ಎಲ್ಲರೂ ಹಾಗೆಯೇ ಕರೆಯತೊಡಗಿದರು.

ಆಗ ಆಯ್ಕೆ ಸಮಿತಿಯ ಮುಂದೆ ಎರಡು ಯುದ್ಧವಿಮಾನಗಳಿದ್ದವು, ಸಾಳುವ ಮತ್ತು ಡೇಗೆ. ಮುಂದಿನ ಒಂದು ತಲೆಮಾರಿನ ಪೈಲಟ್‌ಗಳೆಲ್ಲ ಯಾವುದನ್ನು ಹಾರಿಸಬೇಕು ಎಂಬುದು ಕರಿಬಯಲಿನಲ್ಲಿ ತೀರ್ಮಾನವಾಗಬೇಕಿತ್ತು. ನಕ್ಷೆಗಳ ಪ್ರಕಾರ ಪ್ರಶ್ನೆಯೇ ಇರಲಿಲ್ಲ. ವೇಗ, ಏರಿಕೆ, ತಿರುವು, ಹೊರುವ ಭಾರ, ಯಾವುದನ್ನು ತೆಗೆದುಕೊಂಡರೂ ಸಾಳುವದ ಹೊರಗೆರೆ ಡೇಗೆಯದನ್ನು ನುಂಗಿಹಾಕುವಷ್ಟು ದೊಡ್ಡದು. ಆದರೂ ನಕ್ಷೆಯೊಂದನ್ನೇ ನಂಬಿ ಹಿಂದೆ ಪೆಟ್ಟು ತಿಂದವರಿದ್ದರು. ಪೈಲಟ್‌ಗಳ ಅನುಭವಕ್ಕೂ ಅಷ್ಟೇ ತೂಕ ಕೊಡಬೇಕೆಂದು ಹಟ ಹಿಡಿದವರಲ್ಲಿ ನಾಗಭೂಷಣನೇ ಮೊದಲಿಗ. ಒಳಂಗಿ ಬಂದದ್ದು ಹಾಗೆ.

ಒಂದು ಮಧ್ಯಾಹ್ನ ಉಡುಪ ಅವನನ್ನು ತನ್ನ ಕೋಣೆಗೆ ಕರೆಸಿ ಪರದೆ ತೋರಿಸಿದಳು. ಸಾಳುವ ಹಾರಿಸಿದ ಎಲ್ಲ ಪೈಲಟ್‌ಗಳ ಒಳಗೆರೆಗಳೂ ಒಂದರ ಮೇಲೊಂದು ಕೂತಿದ್ದವು. ಎಲ್ಲವೂ ಹೊರಗೆರೆಗೆ ಅಂಟಿಕೊಂಡಂತೆ ದುಂಡಗೆ, ನುಣ್ಣಗೆ. ಒಂದು ಗೆರೆಯಲ್ಲಿ ಮಾತ್ರ ಎಡಗಡೆಯ ಕೆಳಮೂಲೆಯಲ್ಲಿ ಯಾರೋ ಹಲ್ಲಿನಿಂದ ಕಚ್ಚಿ ತೆಗೆದಂತಿತ್ತು.

"ಇದು ಯಾರದ್ದು?"

"ನಿಮ್ಮದೇ, ಮಾರಾಯ್ರೇ." ಉಡುಪ ಕನ್ನಡಕ ತೆಗೆದು ಒರೆಸಿಕೊಂಡಳು. "ನೆಲಕ್ಕೆ ಹತ್ತಿರ, ತುಂಬು ಭಾರ, ಮೂಗು ಮೇಲೆತ್ತಿ ಎಡಕ್ಕೆ ಬಿಗಿಯಾಗಿ ತಿರುಗುವುದು. ಅಲ್ಲಿ ನಿಮ್ಮ ಕೈ ಪ್ರತಿ ಸಲವೂ ನಿಲ್ತದೆ. ನಿಮಗೆ ಗೊತ್ತುಂಟಾ?"

ಗೊತ್ತಿತ್ತು, ಮತ್ತು ಗೊತ್ತಿರಲಿಲ್ಲ. ಆ ಮೂಲೆಗೆ ಹತ್ತಿರವಾದಾಗ ಅಂಗೈಗೆ ಆಗುವ ಅನುಭವವೊಂದಿತ್ತು. ಅದಕ್ಕೆ ಅವನು ಹೆಸರಿಟ್ಟಿರಲಿಲ್ಲ. ಹಾರುವಾಗ ಹಿಡಿಕೆಯಲ್ಲಿ ಸದಾ ಒಂದು ಸಣ್ಣ ಅದುರು ಇರುತ್ತದೆ. ಮಲಗಿದ ಮಗುವಿನ ಬೆನ್ನ ಮೇಲೆ ಕೈಯಿಟ್ಟಂತೆ. ಅಲ್ಲಿ ಆ ಅದುರು ನಿಲ್ಲುತ್ತಿತ್ತು.

"ಅಲ್ಲಿ ವಿಮಾನ ಸುಮ್ಮನಾಗತ್ತೆ," ಎಂದ.

"ಸುಮ್ಮನಾಗುವುದು ಒಳ್ಳೇದಲ್ವಾ? ಗಾಳಿಸುರಂಗದಲ್ಲಿ ನೋಡಿ ಆಯ್ತು, ಲೆಕ್ಕದಲ್ಲೂ ಆಯ್ತು. ಎಂತದೂ ಇಲ್ಲ ಅಲ್ಲಿ."

ಅವಳು ಕೇಳದೆ ಬಿಟ್ಟ ಪ್ರಶ್ನೆ ಅವನಿಗೆ ಕೇಳಿಸಿತು. ಬಹಳ ಹಿಂದೆ, ಬೇರೊಂದು ವಿಮಾನದಲ್ಲಿ, ಅವನ ಪಕ್ಕದಲ್ಲೇ ಹಾರುತ್ತಿದ್ದ ಗೆಳೆಯನೊಬ್ಬ ಎಡಕ್ಕೆ ತಿರುಗಿದವನು ನೇರವಾಗಲೇ ಇಲ್ಲ. ಅದು ನೆಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಚ್ಚು ಸಾಳುವದ್ದೋ, ನಾಗಭೂಷಣನದೋ? ಒಳಂಗಿ ಅದನ್ನು ಹೇಳುವುದಿಲ್ಲ. ಕೈ ನಿಂತಿತು ಎಂದಷ್ಟೇ ಹೇಳುತ್ತದೆ.

ಸಮಿತಿ ಅವನಿಗೆ ಒಂದು ಹಾರಾಟ ಕೊಟ್ಟಿತು. ಆ ಮೂಲೆಗೆ ಹೋಗಿ ಬನ್ನಿ ಎಂದಿತು. ಅವನು ಹೋದ. ತಿರುಗಿಸಬೇಕೆಂದು ಮನಸ್ಸು ಮಾಡಿದ, ಹಲ್ಲು ಕಚ್ಚಿ ಅಪ್ಪಣೆ ಕೊಟ್ಟ. ಕೈ ಪರರದೆಂಬಂತೆ ಹಿಡಿಕೆಯ ಮೇಲೆ ಕುಳಿತಿತ್ತು. ಮತ್ತೆ ಸುತ್ತಿ ಬಂದ, ಮತ್ತೆ ಅದೇ. ಇಳಿದಾಗ ಬೆವರಿಗೆ ಒಳಂಗಿ ಚರ್ಮಕ್ಕೆ ಹತ್ತಿಕೊಂಡಿತ್ತು.

ಅಧ್ಯಕ್ಷರು ನಿವೃತ್ತ ಪೈಲಟ್, ಮೃದು ಮನುಷ್ಯ. "ಭಯ ತಪ್ಪಲ್ಲ ನಾಗಭೂಷಣ. ನನಗೂ ಇತ್ತು. ಆದ್ರೆ ಅದನ್ನ ವಿಮಾನದ ಲೆಕ್ಕಕ್ಕೆ ಹಾಕಕ್ಕಾಗಲ್ಲವಲ್ಲ. ಉಳಿದವರೆಲ್ಲ ಹೋಗಿಬಂದಿದ್ದಾರೆ."

"ಅವರು ಹೋಗಿಲ್ಲ ಸರ್. ಹತ್ತಿರ ಹೋಗಿದ್ದಾರೆ, ಅಷ್ಟೆ. ಅಷ್ಟು ದೂರ ತಡವರಿಸದೆ ಹೋದದ್ದಕ್ಕೆ ಅವರ ಗೆರೆ ನುಣ್ಣಗಿದೆ." ಸಾಮಾನ್ಯವಾಗಿ ಸಭೆಗಳಲ್ಲಿ ಬಾಯಿ ಬಿಡದ ನಾಗಭೂಷಣ ಅಂದು ಬಿಟ್ಟ. "ಅವರೆಲ್ಲ ಸಾಳುವ ಕಲಿತದ್ದು ಸಿಮ್ಯುಲೇಟರ್‌ನಲ್ಲಿ. ಸಿಮ್ಯುಲೇಟರ್ ಮಾಡಿದ್ದು ಯಾವುದರಿಂದ? ಇದೇ ನಕ್ಷೆಯಿಂದ. ಅವರ ಕೈಗೆ ನಕ್ಷೆ ಗೊತ್ತು, ವಿಮಾನ ಗೊತ್ತಿಲ್ಲ. ನೀವು ಅನುಭವ ಅಂತ ತೂಗ್ತಾ ಇರೋದು ನಕ್ಷೆಯನ್ನೇ. ಸಿಮ್ಯುಲೇಟರ್ ಹುಟ್ಟೋಕೆ ಮುಂಚೆ ಈ ವಿಮಾನ ಹಾರಿಸಿದವನು ನಾನೊಬ್ಬನೇ."

ಉಡುಪ ಮೊದಲು ತಲೆಯಾಡಿಸಿದಳು. ಮಾತಿನಲ್ಲಿ ಹುರುಳಿತ್ತು. ಹಾಗಾದರೆ ಸಿಮ್ಯುಲೇಟರ್‌ನಲ್ಲಿ ಒಮ್ಮೆಯೂ ಕೂರದ ಪೈಲಟ್ ಒಬ್ಬರನ್ನು ಎರಡು ಆಸನದ ಸಾಳುವದಲ್ಲಿ ನೇರವಾಗಿ ಪಳಗಿಸೋಣ, ಆಮೇಲೆ ಒಬ್ಬರನ್ನೇ ಆ ಮೂಲೆಗೆ ಕಳಿಸೋಣ, ಎಂದಳು. ಅಲ್ಲಿ ಏನೋ ಇದೆ ಎಂಬ ಸುಳಿವೂ ಅವರಿಗೆ ಇರಬಾರದು. ಅವರ ಗೆರೆಯಲ್ಲೂ ಕಚ್ಚು ಕಂಡರೆ ದೋಷ ವಿಮಾನದ್ದು. ಕಾಣದಿದ್ದರೆ ವಿಷಯ ಮುಗಿಯಿತು.

"ಅಂಥವರು ಯಾರಿದ್ದಾರೆ?" ಅಧ್ಯಕ್ಷರು ಕೇಳಿದರು.

"ಇಲ್ಲೇ ಇದ್ದಾಳಲ್ಲ, ಹಳೇ ವಿಮಾನದ ಗುಂಡಿನ ಪರೀಕ್ಷೆಗೆ ಬಂದವಳು. ಶಾಂಭವಿ ಹೊಸಮನಿ," ಎಂದರು ಸಮಿತಿಯಲ್ಲೊಬ್ಬರು.

ನಾಗಭೂಷಣನಿಗೆ ತಾನು ಎದ್ದು ನಿಂತು ಮಾತಾಡಿದ್ದು ಯಾಕೆ ಎನ್ನಿಸಿತು. ಶಾಂಭವಿ ಅವನ ಮನೆಯ ಮೇಲಿನ ಕ್ವಾರ್ಟರ್ಸಿನಲ್ಲಿದ್ದಳು. ವಾರದಲ್ಲಿ ಅರ್ಧದಷ್ಟು ಊಟ ಅವನ ಮನೆಯಲ್ಲೇ.

ನಿಯಮ ಸರಳವಾಗಿತ್ತು. ಪರೀಕ್ಷೆ ಮುಗಿಯುವವರೆಗೆ ಪೈಲಟ್‌ಗಳು ಪರಸ್ಪರ ಸಾಳುವದ ಬಗ್ಗೆ ಮಾತಾಡುವಂತಿಲ್ಲ. ನಾಗಭೂಷಣ ಮತ್ತು ಶಾಂಭವಿ ಒಟ್ಟಿಗೆ ಕೂರುವಂತೆಯೇ ಇಲ್ಲ. ಅವಳಿಗೆ ಅಧಿಕಾರಿಗಳ ಮೆಸ್‌ನಲ್ಲಿ ಕೋಣೆ ಕೊಟ್ಟರು. ಅವಳು ಕಾರಣ ಕೇಳಲಿಲ್ಲ. ಸೇನೆಯಲ್ಲಿ ಕೋಣೆ ಬದಲಾಗುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಅವನ ಹೆಂಡತಿ ವನಮಾಲಾ ಮಾತ್ರ ಕೇಳಿದಳು. "ಆ ಹುಡುಗಿ ಯಾಕೆ ಬರ್ತಿಲ್ಲ? ನೀವೇನಾದ್ರೂ ಅಂದ್ರಾ?"

"ಇಲ್ಲ."

"ನೀವು ಅನ್ನೋ ಪೈಕಿನೂ ಅಲ್ಲ ಬಿಡಿ." ಅವಳು ಅವನ ಒಳಂಗಿಯ ಕೊರಳಪಟ್ಟಿ ಸರಿಮಾಡಿದಳು. ಒಳಂಗಿಯನ್ನು ಮನೆಯಲ್ಲೂ ತೊಟ್ಟಿರಬೇಕಿತ್ತು. ಮನುಷ್ಯನಿಗೆ ಹುಟ್ಟಿನಿಂದ ಇರುವ ತಡವರಿಕೆ ಯಾವುದು, ವಿಮಾನ ಹುಟ್ಟಿಸಿದ್ದು ಯಾವುದು ಎಂದು ಬೇರ್ಪಡಿಸಲು ಉಡುಪಳಿಗೆ ಮನೆಯ ದಾಖಲೆಯೂ ಬೇಕಿತ್ತು. "ಹೇಳಕ್ಕೆ ಹೋಗಿ ನುಂಗಿಕೊಂಡಿದ್ದೆಲ್ಲ ಇದ್ರಲ್ಲಿ ಬರತ್ತಂತಲ್ಲ? ನನಗೊಂದು ಪ್ರಿಂಟ್ ಕೊಡಕ್ಕೆ ಹೇಳಿ ನಿಮ್ಮ ಡಾಕ್ಟ್ರಿಗೆ. ಮದುವೆ ಆದಾಗಿಂದ ಬಾಕಿ ಇದೆ."

ಅವನು ನಕ್ಕ. ನಗು ಮುಗಿದ ಮೇಲೆ ಮನೆ ಮೊದಲಿಗಿಂತ ಇಕ್ಕಟ್ಟಾಗಿ ಕಂಡಿತು.

ಶಾಂಭವಿ ಸಾಳುವದಲ್ಲಿ ಪಳಗುತ್ತಿದ್ದಷ್ಟು ಕಾಲವೂ, ಹೇಳಿದರೆ ಏನಾಗುತ್ತದೆ ಎಂದು ಅವನು ದಿನವೂ ಯೋಚಿಸುತ್ತಿದ್ದ. ಎಡ ಮೂಲೆಗೆ ಹೋಗಬೇಡ ಎಂದರೆ ಅವಳು ಹೋಗುವುದಿಲ್ಲ, ಬದುಕುತ್ತಾಳೆ. ಆದರೆ ಪರೀಕ್ಷೆ ಕೆಡುತ್ತದೆ. ಕೆಟ್ಟ ಪರೀಕ್ಷೆಯನ್ನು ಸಮಿತಿ ಬದಿಗಿಟ್ಟು ನಕ್ಷೆಯನ್ನು ನಂಬುತ್ತದೆ. ಸಾಳುವ ದೇಶದ ತುಂಬ ಹೋಗುತ್ತದೆ, ಎಂದೋ ಒಂದು ದಿನ ಯಾವನೋ ಒಬ್ಬ ಆ ಮೂಲೆಗೆ ತಿರುಗುತ್ತಾನೆ. ಹೇಳದಿದ್ದರೆ ಮೊದಲು ತಿರುಗುವವಳು ಶಾಂಭವಿ. ಆ ಎತ್ತರದಲ್ಲಿ ಆಸನ ಹಾರಿಸಿ ಪಾರಾಗುವಷ್ಟು ಜಾಗವೂ ಇರುವುದಿಲ್ಲ. ಇನ್ನು ಅಲ್ಲಿ ಏನೂ ಇಲ್ಲದಿದ್ದರೆ, ಇಷ್ಟು ದಿನ ಹಾರಿದ್ದು ತಾನಲ್ಲ, ತನ್ನೊಳಗೆ ಕೂತ ಒಂದು ಹಳೆಯ ಭಯ. ಅನುಭವವನ್ನು ಹೇಳಿದರೆ ಅದು ಸಾಕ್ಷಿಯಾಗಿ ಉಳಿಯುವುದಿಲ್ಲ, ಹೇಳದಿದ್ದರೆ ಉಪಯೋಗಕ್ಕೆ ಬರುವುದಿಲ್ಲ. ಈ ಬೋನು ಕಟ್ಟಿದವನು ತಾನೇ ಎಂಬುದಷ್ಟೇ ಅವನಿಗೆ ಸ್ಪಷ್ಟವಾಗಿತ್ತು.

ಪರೀಕ್ಷೆಯ ಹಿಂದಿನ ಸಂಜೆ ಶಾಂಭವಿ ಬಂದಳು. ಕೈಯಲ್ಲಿ ವನಮಾಲಾ ಎಂದೋ ಎಣ್ಣೆಗಾಯಿ ತುಂಬಿ ಕೊಟ್ಟಿದ್ದ ಸ್ಟೀಲ್ ಡಬ್ಬಿ.

"ಡಬ್ಬಿ ಕೊಟ್ಟು ಹೋಗ್ತೀನ್ರಿ ಅಕ್ಕಾರ. ಒಳಗ ಬರಬಾರದಂತ ಹೇಳ್ಯಾರ ನನಗ."

"ಯಾರು ಹೇಳಿದ್ದು? ನನ್ನ ಮನೆಗೆ ಬರಬಾರದು ಅನ್ನಕ್ಕೆ ಅವರ್ಯಾರು? ಉಪ್ಪಿಟ್ಟು ಬಿಸಿ ಇದೆ, ತಿಂದು ಹೋಗು. ಇವರು ಹೇಗೂ ಮಾತಾಡಲ್ಲ, ಗೋಡೆ ಇದ್ದಂಗೆ. ಗೋಡೆ ಪಕ್ಕ ಕೂತ್ಕೊಂಡು ತಿಂದ್ರೆ ಏನಾಗತ್ತೆ?"

"ಅದೂ ಖರೇನ ಬಿಡ್ರಿ."

ನಾಗಭೂಷಣ ಎದ್ದು ಹೋಗಬೇಕಿತ್ತು. ಏಳಲಿಲ್ಲ. ಅವಳು ಎದುರಿಗೆ ಕೂತಳು. ಅವಳ ಅಂಗಿಯ ತೋಳಿನ ಕೆಳಗೂ ಬೂದುಬಣ್ಣದ ಅಂಚು ಕಾಣುತ್ತಿತ್ತು. ಇಬ್ಬರೂ ತಟ್ಟೆಗಳನ್ನು ನೋಡುತ್ತ ತಿಂದರು. ವನಮಾಲಾ ಇನ್ನಷ್ಟು ತರಲು ಒಳಗೆ ಹೋದಳು.

ಪೈಲಟ್‌ಗಳು ಎಲ್ಲ ಕಡೆಯೂ ಕೈಯಲ್ಲೇ ಮಾತಾಡುವವರು. ಅಂಗೈ ವಿಮಾನ, ಬೆರಳ ತುದಿ ಅದರ ಮೂಗು. ಮರುದಿನದ ಹಾರಾಟವನ್ನು ಹಿಂದಿನ ದಿನವೇ ಕೈಯಲ್ಲಿ ಒಮ್ಮೆ ಹಾರಿ ನೋಡುವುದು ಅವರ ಅಭ್ಯಾಸ. ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಊಟದ ಮಧ್ಯೆ, ತಮಗೇ ಅರಿವಿಲ್ಲದೆ ಮಾಡುತ್ತಿರುತ್ತಾರೆ. ಶಾಂಭವಿಯ ಬಲಗೈ ಚಮಚ ಬಿಟ್ಟು ತಟ್ಟೆಯ ಮೇಲೆ ಎದ್ದಿತು. ಅವಳ ಕಣ್ಣು ಕಿಟಕಿಯಾಚೆಗಿತ್ತು. ಅಂಗೈ ಮೇಜಿನ ಮೇಲೆ ನೇರ ಸಾಗಿತು, ಸ್ವಲ್ಪ ಕೆಳಗಿಳಿಯಿತು, ಬೆರಳು ಮೇಲೆದ್ದವು.

ಜೊತೆಯ ವಿಮಾನ ಎದ್ದಾಗ ತಾನೂ ಏಳುವುದು ನಾಗಭೂಷಣನ ಕೈಗೆ ಹಳೆಯ ರೂಢಿ. ಅವನು ನೋಡನೋಡುತ್ತಲೇ ಅದು ಎದ್ದು ಅವಳ ಕೈಯ ಪಕ್ಕಕ್ಕೆ ಹೋಯಿತು. ನೀರಿನ ಲೋಟದ ಮೇಲೆ, ಉಪ್ಪಿನಕಾಯಿ ಜಾಡಿಯ ಮೇಲೆ ಎರಡು ಕೈಗಳೂ ಒಟ್ಟಿಗೆ ಹಾರಿದವು. ಎಡಕ್ಕೆ ವಾಲಿದವು.

ಅವನ ಕೈ ನಿಂತಿತು.

ಅವಳದು ಬೆರಳಿನಷ್ಟು ಮುಂದೆ ಹೋಯಿತು. ಆಮೇಲೆ ಅದೂ ನಿಂತಿತು. ಅವಳು ಕಿಟಕಿಯಿಂದ ಕಣ್ಣು ತೆಗೆದು ಅವನ ಕೈ ನೋಡಿದಳೋ, ಮುಖ ನೋಡಿದಳೋ, ಅವನಿಗೆ ತಿಳಿಯಲಿಲ್ಲ. ಕೈ ಇಳಿಸಿ ನೀರು ಕುಡಿದಳು.

"ಉಪ್ಪಿಟ್ಟು ಚಲೋ ಆಗೇತ್ರಿ ಅಕ್ಕಾರ," ಎಂದು ಅಡುಗೆಮನೆಯ ಕಡೆಗೆ ಕೂಗಿ ಹೇಳಿದಳು.

ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ನಾಗಭೂಷಣನಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ನೋಡಬಹುದು, ಮಾತಾಡುವಂತಿಲ್ಲ. ದೊಡ್ಡ ಪರದೆಯಲ್ಲಿ ಸಾಳುವದ ಹೊರಗೆರೆ ಬಿಳಿಯಾಗಿ ಹೊಳೆಯುತ್ತಿತ್ತು. ಅದರೊಳಗೆ ಶಾಂಭವಿಯ ಒಳಗೆರೆ ಹಸಿರಾಗಿ, ಅವಳು ಹಾರಿದಂತೆಲ್ಲ ತಾನಾಗಿ ಬೆಳೆಯುತ್ತಿತ್ತು. ಅವಳಿಗೆ ಕೊಟ್ಟಿದ್ದ ಹಾರಾಟದ ಕ್ರಮದಲ್ಲಿ ಆ ಮೂಲೆ ಹತ್ತಾರು ತಿರುವುಗಳ ನಡುವೆ ಒಂದು ಮಾಮೂಲಿ ತಿರುವು. ಬಲದ ತಿರುವುಗಳು ಮುಗಿದವು. ಮೇಲಿನವು ಮುಗಿದವು. ಹಸಿರು ಗೆರೆ ಬಿಳಿಗೆರೆಯನ್ನು ತಬ್ಬಿಕೊಂಡು ಎಡಕ್ಕೆ ಬಂದಿತು. ಕಿಟಕಿಯಾಚೆ ಹುಲ್ಲು ಬಯಲಿನ ಮೇಲೆ ಅವಳ ವಿಮಾನ ಎಷ್ಟು ಕೆಳಗಿತ್ತೆಂದರೆ ಅದರ ನೆರಳು ಅದಕ್ಕೆ ಹೊಲಿದಂತಿತ್ತು.

ಈಗ ಕೂಗಬಹುದು ಎಂದು ನಾಗಭೂಷಣ ಅಂದುಕೊಂಡ. ಈಗ. ಇನ್ನೂ ಸಮಯವಿದೆ. ಬಾಯಿ ತೆರೆಯಿತು. ದನಿಯ ಅಪ್ಪಣೆ ಹೊರಟು ಕೊರಳಪಟ್ಟಿಯ ಹತ್ತಿರ ಎಲ್ಲೋ ನಿಂತುಹೋಯಿತು.

ಹಸಿರು ಗೆರೆ ಮೂಲೆಗೆ ಬಂದು, ಒಳಕ್ಕೆ ಬಾಗಿತು.

ರೇಡಿಯೋದಲ್ಲಿ ಅವಳ ದನಿ ಬಂತು. "ಕೈ ಹೋಗ್ಲಿಲ್ಲ. ಮತ್ತೊಮ್ಮೆ ಬರ್ತೀನಿ." ಸುತ್ತಿ ಬಂದಳು. ಗೆರೆ ಅಲ್ಲೇ, ಅಷ್ಟೇ ಬಾಗಿತು. ಅಧ್ಯಕ್ಷರು ಸಾಕು, ಇಳಿಯಲು ಹೇಳಿ, ಎಂದರು. ಆಮೇಲೆ ಕುರ್ಚಿ ತಿರುಗಿಸಿಕೊಂಡು ನಾಗಭೂಷಣನ ಹತ್ತಿರ ಬಂದು ಅವನ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ನಿಮ್ಮ ಕ್ಷಮೆ ಕೇಳಬೇಕು ನಾನು," ಎಂದರು.

ಅವನ ಕೈ ಅವರ ಕೈಗಳೊಳಗೆ ಸುಮ್ಮನೆ ಇತ್ತು.

ತೀರ್ಮಾನ ಬೇಗ ಆಯಿತು. ಕಚ್ಚು ಕಳೆದರೂ ಸಾಳುವವೇ ದೊಡ್ಡದು, ಹಾಗಾಗಿ ಆಯ್ಕೆ ಅದರದ್ದೇ. ಆದರೆ ಆ ಮೂಲೆಗೆ ವಿಮಾನದ ಕಂಪ್ಯೂಟರಿನಲ್ಲಿ ಬೇಲಿ ಹಾಕಲಾಗುವುದು. ಪೈಲಟ್ ಎಷ್ಟೇ ಎಳೆದರೂ ವಿಮಾನ ಅಲ್ಲಿಗೆ ಹೋಗದು. ಬೇಲಿಗೆ ಆಧಾರ ಇಬ್ಬರು ಪೈಲಟ್‌ಗಳ ಪರಸ್ಪರ ಸಂಬಂಧವಿಲ್ಲದ ಅನುಭವ, ಎಂದು ವರದಿಯ ಕರಡಿನಲ್ಲಿ ಬರೆದರು.

ವರದಿಗೆ ಸಹಿ ಬೀಳುವ ಮುನ್ನ ಉಡುಪ ಅವನ ಮನೆಗೆ ಬಂದಳು, ಒಳಂಗಿ ವಾಪಸು ಪಡೆಯಲಿಕ್ಕೆ. ಅವನು ಅದನ್ನಿನ್ನೂ ತೊಟ್ಟಿದ್ದ. ಅವಳು ಸೋಫಾದ ತುದಿಯಲ್ಲಿ ಕೂತು ಮಡಿಲ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡಳು.

"ಮನೆಯ ದಾಖಲೆ ನೋಡ್ತಾ ಇದ್ದೆ ಸರ್. ಪರೀಕ್ಷೆಯ ಹಿಂದಿನ ದಿನ ಸಂಜೆ, ನಿಮ್ಮ ಕೈ ಎಡಕ್ಕೆ ತಿರುಗಿ ನಿಂತಿದೆ. ವಿಮಾನದಲ್ಲಿ ನಿಲ್ಲುವ ಹಾಗೆಯೇ. ಅದೇ ಕಚ್ಚು." ಅವಳ ದನಿಯಲ್ಲಿ ಆರೋಪ ಇರಲಿಲ್ಲ, ದಣಿವಿತ್ತು. "ಶಾಂಭವಿಯ ಒಳಂಗಿಯಲ್ಲಿ ಆ ಹೊತ್ತಿನದ್ದು ದಾಖಲಾಗಿಲ್ಲ. ಚಾರ್ಜ್ ಇಲ್ಲದೆ ಸತ್ತಿತ್ತು. ಹಾಗಾಗಿ ಕೇಳುವುದು. ಆವಾಗ ನಿಮ್ಮ ಎದುರು ಯಾರಾದರೂ ಇದ್ದರಾ?"

ಇದ್ದಳು ಎಂದರೆ ಪರೀಕ್ಷೆ ಕೆಟ್ಟಿತು. ಬೇಲಿ ಬೀಳುವುದಿಲ್ಲ. ಬೇರೆಯೊಬ್ಬ ಪೈಲಟ್‌ನನ್ನು ದೂರದಿಂದ ತರಿಸುತ್ತಾರೆ, ಅವನಿಗೆ ಈ ಮನೆಯ ಬಾಗಿಲೂ ತೋರಿಸುವುದಿಲ್ಲ. ಇರಲಿಲ್ಲ ಎಂದರೆ ತಾನು ಜೀವಮಾನವಿಡೀ ನಕ್ಷೆಯೆದುರು ಎತ್ತಿ ಹಿಡಿದ ಅನುಭವ ಒಂದು ಸುಳ್ಳಿನ ಮೇಲೆ ನಿಲ್ಲುತ್ತದೆ.

ವನಮಾಲಾ ಕಾಫಿ ತಂದಿಟ್ಟಳು.

"ಯಾರು ಬರ್ತಾರೆ ನಮ್ಮನೆಗೆ?" ಎಂದಳು. ಲೋಟ ಇಡುವ ಕೈ ಅಲುಗಲಿಲ್ಲ. "ನಾವಿಬ್ಬರೇ ಇದ್ವಿ. ಉಪ್ಪಿಟ್ಟು ಮಾಡಿದ್ದೆ. ಇವರು ತಟ್ಟೆ ಮುಂದೆ ಕೂತ್ಕೊಂಡು ಗಾಳೀಲಿ ಕೈ ಆಡಿಸ್ತಾ ಇದ್ರು. ಇವರದ್ದು ಯಾವಾಗ್ಲೂ ಇದೇ ಕತೆ. ಸಕ್ಕರೆ ಎಷ್ಟು ಹಾಕ್ಲಿ ನಿಮಗೆ?"

ಉಡುಪ ಅವನನ್ನೇ ನೋಡಿದಳು. ಅವನು ತಲೆಯಾಡಿಸಿದರೆ ಸಾಕಿತ್ತು. ಕತ್ತು ಅಲುಗಲಿಲ್ಲ. ಅವಳ ಮಡಿಲ ಮೇಲೆ ಪರದೆಯಲ್ಲಿ ಅವನ ಒಳಂಗಿಯಿಂದ ಬರುತ್ತಿದ್ದ ಗೆರೆಯೊಂದು ಹರಿಯುತ್ತಿತ್ತು. ಅವನು ಕೂತ ಜಾಗದಿಂದಲೂ ಅದು ಒಳಕ್ಕೆ ಬಾಗಿದ್ದು ಕಾಣಿಸಿತು. ಅವಳೂ ನೋಡಿದಳು. ಬಹಳ ಹೊತ್ತು ನೋಡಿದಳು.

"ಒಂದು ಚಮಚ ಸಾಕು," ಎಂದು ಟ್ಯಾಬ್ಲೆಟ್ ಮಗುಚಿಟ್ಟಳು.

ಬೇಲಿ ಬಿತ್ತು. ಸಾಳುವಗಳು ಒಂದೊಂದಾಗಿ ನೆಲೆಗಳಿಗೆ ಹೊರಟವು. ಆ ಮೂಲೆಗೆ ಇನ್ನು ಯಾರೂ ಹೋಗುವುದಿಲ್ಲ, ಯಾರೂ ಹೋಗದ ಕಾರಣ ಅಲ್ಲಿ ಏನಿತ್ತೆಂದು ಯಾರಿಗೂ ತಿಳಿಯುವುದೂ ಇಲ್ಲ. ನಾಗಭೂಷಣನನ್ನು ಹಾರಾಟದಿಂದ ಬಿಡಿಸಿ ಸಿಮ್ಯುಲೇಟರ್ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಗೌರವದಿಂದಲೇ ಮಾಡಿದರು. ಹೊಸ ಪೈಲಟ್‌ಗಳು ಅಲ್ಲಿ ಕೂತು ಕಲಿಯುತ್ತಿದ್ದರು. ಎಡ ಮೂಲೆಗೆ ಬಂದಾಗ ಅಲ್ಲೂ ಹಾಕಿದ್ದ ಬೇಲಿಯಿಂದ ಹಿಡಿಕೆ ಬಿಗಿಯುತ್ತಿತ್ತು, ಅವರು ಕೈ ಹಿಂದೆಗೆಯುತ್ತಿದ್ದರು. ಕೆಲವು ವಾರಗಳಲ್ಲಿ ಹಿಡಿಕೆ ಬಿಗಿಯುವ ಮೊದಲೇ ಕೈಗಳು ನಿಲ್ಲತೊಡಗಿದವು. ಏನನ್ನೂ ಕಾಣದ ಆ ಕೈಗಳಲ್ಲಿ ಅವನು ತನ್ನ ಕೈಯನ್ನು ಗುರುತಿಸುತ್ತಿದ್ದ.

ಸಾಳುವ ದಳಕ್ಕೆ ವರ್ಗವಾಗಿ ಹೊರಡುವ ಮುನ್ನ ಶಾಂಭವಿ ಅಲ್ಲಿಗೆ ಬಂದಳು. ಊಟದ ವೇಳೆ, ಸಿಮ್ಯುಲೇಟರ್ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಬೇಲಿ ತೆಗೀರಿ ಸರ," ಎಂದಳು. "ಒಮ್ಮೆ ನೋಡೋಣು. ಇಲ್ಲಿ ಬಿದ್ರ ಏನ್ ಸಾಯೂದಿಲ್ಲಲ್ಲ."

ಅವನು ತೆಗೆದ. ಈಗ ಯಂತ್ರದಲ್ಲಿದ್ದುದು ಹಳೆಯ ನಕ್ಷೆ, ಎಲ್ಲೂ ಕಚ್ಚಿಲ್ಲದ್ದು. ಆ ಮೂಲೆಯಲ್ಲಿ ಏನೂ ಇಲ್ಲವೆಂಬುದು ಇಲ್ಲಿ ಖಚಿತ. ಏಕೆಂದರೆ ನಕ್ಷೆ ಮಾಡಿದವರು ಏನನ್ನೂ ಇಟ್ಟಿರಲಿಲ್ಲ. ಅವಳು ಪೈಲಟ್‌ನ ಆಸನದಲ್ಲಿ ಕೂತಳು, ಅವನು ಪಕ್ಕದ ಬೋಧಕನ ಆಸನದಲ್ಲಿ. ಪರದೆಯ ಮೇಲೆ ಹುಲ್ಲು ಬಯಲು ಹರಿಯಿತು. ಅವಳು ಕೆಳಗಿಳಿದಳು, ಮೂಗೆತ್ತಿದಳು, ಎಡಕ್ಕೆ ವಾಲಿಸಿದಳು.

ಅವಳ ಕೈ ನಿಂತಿತು.

ಅವಳು ಉಸಿರು ಬಿಟ್ಟು ಹಿಡಿಕೆಯಿಂದ ಕೈ ತೆಗೆದಳು. "ನೀವು ಮಾಡ್ರಿ."

ಅವನು ತನ್ನ ಹಿಡಿಕೆಯನ್ನು ಹಿಡಿದ. ಇಲ್ಲಿ ಗಾಳಿಯಿಲ್ಲ, ಭಾರವಿಲ್ಲ, ಗೆಳೆಯನಿಲ್ಲ, ನೆಲವೂ ಬರಿಯ ಬೆಳಕು ಎಂದು ತನಗೆ ತಾನೇ ಹೇಳಿಕೊಂಡ. ಕೈ ಎಡಕ್ಕೆ ಹೊರಟು, ಅದೇ ಜಾಗದಲ್ಲಿ ನಿಂತಿತು.

"ಅವತ್ತು ನೀ ನನ್ನ ಕೈ ನೋಡಿದ್ಯಾ?" ಎಂದು ಕೊನೆಗೂ ಕೇಳಿದ.

"ನೋಡ್ದೆ. ಆದ್ರ ಮರುದಿನ ಮ್ಯಾಲೆ ಹೋದಾಗ ನೆನಪಿರ್ಲಿಲ್ರಿ, ಖರೇ ಹೇಳ್ತೀನಿ. ಕೈ ತಾನಾಗಿ ನಿಂತ್ತು." ಅವಳು ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರೋ ಕೊಟ್ಟು ಮರೆತ ವಸ್ತುವಿನ ಹಾಗೆ. "ಇದು ನಿಮ್ಮದೋ ನಂದೋ, ಇಲ್ಲಾ ವಿಮಾನದ್ದೋ? ನಿಮಗರ ಗೊತ್ತೈತೇನ್ರಿ ಸರ?"

ಅವನು ಹಿಡಿಕೆ ಬಿಡದೆ ಕುಳಿತಿದ್ದ. ಪರದೆಯ ಮೇಲೆ ಸಾಳುವ ತಿರುಗದೆ, ಎಲ್ಲೂ ಮುಗಿಯದ ಆ ಬಯಲಿನ ಮೇಲೆ ನೇರವಾಗಿ ಹೋಗುತ್ತಲೇ ಇತ್ತು.